ಮೆಕ್ಸಿಕೊ ನಗರದ ತಲೆ ಎಣಿಕೆ

ಮೆಕ್ಸಿಕೊ ನಗರದಲ್ಲಿ ಎಷ್ಟು ಜನ ಇದ್ದಾರೆ? 92 ಲಕ್ಷ ಎಂದರೂ ಸರಿ, 2.18 ಕೋಟಿ ಎಂದರೂ ಸರಿ. ಎರಡೂ 2020ರ ಜನಗಣತಿಯ ಲೆಕ್ಕಗಳೇ. ಮೊದಲನೆಯದು ರಾಜಧಾನಿಯ ಆಡಳಿತದ ಎಲ್ಲೆಯೊಳಗಿನದು. ಎರಡನೆಯದು ಇಡೀ ಮಹಾನಗರ ವಲಯದ್ದು. ಅದರಲ್ಲಿ ರಾಜಧಾನಿಯ 16 ವಿಭಾಗಗಳ ಜತೆ ನೆರೆಯ ಮೆಕ್ಸಿಕೊ ರಾಜ್ಯದ 59 ಮುನ್ಸಿಪಾಲಿಟಿಗಳೂ ಇದಾಲ್ಗೊ ರಾಜ್ಯದ ಒಂದೂ ಸೇರಿವೆ. ಎಲ್ಲೆ ಎಲ್ಲಿ ಎಳೆಯಬೇಕು, ಯಾರನ್ನು ಏನೆಂದು ಬರೆದುಕೊಳ್ಳಬೇಕು ಎಂಬ ಜಗಳದಲ್ಲೇ ಈ ನಗರದ ಜನಸಂಖ್ಯಾ ಅಧ್ಯಯನ ಬೆಳೆದು ಬಂದಿದೆ.

ಸ್ಪೇನಿನ ಆಳ್ವಿಕೆಯ ವೈಸರಾಯ್ ರೆವಿಯಾಹಿಹೆದೊ 1790ರಲ್ಲಿ ಮಾಡಿಸಿದ ಖಾನೇಸುಮಾರಿ ನಗರದಲ್ಲಿ ಸುಮಾರು 1.13 ಲಕ್ಷ ಜನರನ್ನು ಕಂಡಿತು. ಅದನ್ನು ಕಡಿಮೆಯೆಂದು ಭಾವಿಸಿದ ಜರ್ಮನ್ ವಿಜ್ಞಾನಿ-ಪ್ರವಾಸಿ ಹಂಬೋಲ್ಟ್, ಮುಂದೆ 1.37 ಲಕ್ಷ ಎಂದು ಅಂದಾಜಿಸಿದ. ಆ ಕಾಲದ ದಾಖಲೆಗಳಲ್ಲಿ ಸ್ಪೇನಿನವರು, ಮೆಸ್ತಿಸೊಗಳು (ಸ್ಪೇನ್-ಮೂಲನಿವಾಸಿ ಮಿಶ್ರರು), ಮುಲಾತೊಗಳು (ಸ್ಪೇನ್-ಆಫ್ರಿಕಾ ಮಿಶ್ರರು) ಎಂಬ ಹುಟ್ಟಿನ ವಿಂಗಡಣೆ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಮೊದಲ ರಾಷ್ಟ್ರೀಯ ಜನಗಣತಿ ನಡೆದದ್ದು 1895ರಲ್ಲಿ. 1921ರಲ್ಲಿ ಜನಾಂಗದ ಪ್ರಶ್ನೆ ಮತ್ತೆ ಬಂತು, 1930ರಲ್ಲಿ ಹೋಯಿತು. ಅಲ್ಲಿಂದ ಬಹುಕಾಲ ಮೂಲನಿವಾಸಿಯನ್ನು ಗುರುತಿಸುವ ಮುಖ್ಯ ಒರೆಗಲ್ಲು ಮನೆಮಾತೇ ಆಯಿತು. ಮಕ್ಕಳು ಸ್ಪ್ಯಾನಿಷ್‌ಗೆ ಹೊರಳಿದರೆ ಸಾಕು, ಇಡೀ ಮನೆತನವೇ ಲೆಕ್ಕದಿಂದ ಮಾಯ!

1950ರಲ್ಲಿ 30 ಲಕ್ಷದ ಆಸುಪಾಸಿನಲ್ಲಿದ್ದ ಮಹಾನಗರ 1970ರ ಹೊತ್ತಿಗೆ 90 ಲಕ್ಷದ ಹತ್ತಿರ ಬಂತು. ಬತ್ತಿಸಿದ ಟೆಸ್ಕೊಕೊ ಕೆರೆಯಂಗಳದಲ್ಲಿ, ನೀರು ಚರಂಡಿ ಯಾವುದೂ ಇಲ್ಲದೆ ಎದ್ದ ಬಡಾವಣೆಗಳು 1963ರಲ್ಲಿ ನೆಸಾವಾಲ್ಕೊಯೊಟ್ಲ್ ಎಂಬ ಮುನ್ಸಿಪಾಲಿಟಿಯಾದವು. ಊರು ರಾಜ್ಯದ ಗಡಿ ದಾಟಿ ಹರಡಿದೆ ಎಂಬುದನ್ನು ಅಂಕಿಗಳಲ್ಲಿ ಹಿಡಿದವರಲ್ಲಿ ಎಲ್ ಕೊಲೆಹಿಯೊ ದೆ ಮೆಹಿಕೊ ಸಂಸ್ಥೆಯ ಲೂಯಿಸ್ ಉನಿಕೆಲ್ ಪ್ರಮುಖರು. ಆದರೆ 1970ರ ದಶಕದ ವಿಶ್ವಸಂಸ್ಥೆಯ ಮುನ್ನಂದಾಜು, 2000ಕ್ಕೆ ಇಲ್ಲಿ 3 ಕೋಟಿ ಮೀರುತ್ತದೆ ಎಂದಿತು. ಎಣಿಸಿದಾಗ ಸಿಕ್ಕಿದ್ದು ಸುಮಾರು 1.84 ಕೋಟಿ. ಹಿಂದಿನ ಬೆಳವಣಿಗೆಯ ಗೆರೆಯನ್ನೇ ಮುಂದಕ್ಕೆ ಎಳೆದವರಿಗೆ ಹೆರಿಗೆ ಕಡಿಮೆಯಾಗುವ ವೇಗ ಕಾಣಲಿಲ್ಲ. 1974ರ ಜನಸಂಖ್ಯಾ ಕಾನೂನು ಕುಟುಂಬ ಯೋಜನೆಗೆ ಬಾಗಿಲು ತೆರೆದಿತ್ತು; ವಲಸೆಯೂ ಬೇರೆ ನಗರಗಳತ್ತ ತಿರುಗಿತ್ತು. ನಡುಪೇಟೆಯ ನಾಲ್ಕು ವಿಭಾಗಗಳಂತೂ ಖಾಲಿಯಾಗುತ್ತಿದ್ದವು: 1970ರಲ್ಲಿ ಸುಮಾರು 29 ಲಕ್ಷ, 2000ದಲ್ಲಿ 17 ಲಕ್ಷ. 1985ರ ಭೂಕಂಪ ಆ ಖಾಲಿಯಾಗುವಿಕೆಗೆ ಇನ್ನಷ್ಟು ಒತ್ತು ಕೊಟ್ಟಿತು.

ನನ್ನ ಮಟ್ಟಿಗೆ, ಈ ಜನ ಯಾರು ಎಂಬುದನ್ನು ಹೆಚ್ಚು ಚೆನ್ನಾಗಿ ಹೇಳಿದವರು ಮಾನವಶಾಸ್ತ್ರಜ್ಞರು. ಆಸ್ಕರ್ ಲೂಯಿಸ್ ವಠಾರದ ಬದುಕಿನಲ್ಲಿ 'ಬಡತನದ ಸಂಸ್ಕೃತಿ'ಯನ್ನು ಕಂಡರು. ಲರಿಸಾ ಲೊಮ್ನಿಟ್ಸ್ 1975ರಲ್ಲಿ ಅದೇ ಬಗೆಯ ಬಡವರಲ್ಲಿ ಕಂಡದ್ದು ನೆಂಟರು, ನೆರೆಹೊರೆಯವರ ಕೊಡುಕೊಳ್ಳುವಿಕೆಯ ಗಟ್ಟಿ ಬಲೆಯನ್ನು. ಅದೇ ವರ್ಷ ಲೂರ್ದೆಸ್ ಅರಿಸ್ಪೆ, ಬೀದಿಬದಿ ಹಣ್ಣು ಮಾರುತ್ತಿದ್ದ ಮಸಾವಾ, ಒತೊಮಿ ಎಂಬ ಮೂಲನಿವಾಸಿ ಸಮುದಾಯಗಳ ಹೆಂಗಸರ ಕುರಿತು ಬರೆದರು. ಪೇಟೆಯವರು ಅವರನ್ನೆಲ್ಲ 'ಮರಿಯಾ' ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು.

ಮನೆಮಾತಿನ ಒರೆಗಲ್ಲು ಸಡಿಲವಾದದ್ದು ಇತ್ತೀಚೆಗೆ. 'ನಿಮ್ಮನ್ನು ನೀವು ಏನೆಂದುಕೊಂಡಿದ್ದೀರಿ?' ಎಂದು 2015ರ ಸಮೀಕ್ಷೆ ಕೇಳಿದಾಗ ರಾಜಧಾನಿಯ ಶೇ. 8.8ರಷ್ಟು ಜನ ಮೂಲನಿವಾಸಿಗಳೆಂದರು. ಮೂಲನಿವಾಸಿ ಭಾಷೆ ಆಡುವವರಾದರೋ ಶೇ. 1.5ರ ಆಜೂಬಾಜು. 2020ರ ಜನಗಣತಿ 'ನೀವು ಆಫ್ರಿಕಾ ಮೂಲದವರೆಂದುಕೊಂಡಿದ್ದೀರಾ?' ಎಂದೂ ಕೇಳಿತು. ರಾಜಧಾನಿಯಲ್ಲಿ ಶೇ. 2ರಷ್ಟು ಮಂದಿ ಹೌದೆಂದರು.