ಹಸಿರು ಚಹಾ ಮತ್ತು ಸಂಬಳವಿಲ್ಲದ ಸಂಶೋಧಕಿ

ಕಳೆದ ತಿಂಗಳು ಮನೆಗೆ ಬಂದ ಹಳೆಯ ಶಿಷ್ಯರೊಬ್ಬರ ಹೆಸರು ನನಗೆ ಥಟ್ಟನೆ ನೆನಪಾಗಲಿಲ್ಲ. ಅವರು ಬೇಸರಿಸದೆ ಹಸಿರು ಚಹಾದ ಪೊಟ್ಟಣವನ್ನು ಕೈಗಿತ್ತು, "ದಿನವೂ ಕುಡಿಯಿರಿ ಸಾರ್, ಮರೆವು ಹೋಗುತ್ತದೆ" ಎಂದರು.

ಆ ಮಾತಿನ ಮೂಲವನ್ನರಸಿದಾಗ ಪರಿಚಯವಾದವರು ಜಪಾನಿನ ಮಿಚಿಯೊ ತ್ಸುಜಿಮುರಾ (1888–1969). ನನ್ನಂತೆಯೇ ಶಿಕ್ಷಕ ವೃತ್ತಿಯಲ್ಲಿದ್ದವರು. 1920ರಲ್ಲಿ ಹೊಕ್ಕೈಡೊ ಇಂಪೀರಿಯಲ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಸ್ತ್ರೀಯರಿಗೆ ವಿದ್ಯಾರ್ಥಿಗಳಾಗಿ ಪ್ರವೇಶವಿರಲಿಲ್ಲ; ಸಂಬಳವಿಲ್ಲದ ಪ್ರಯೋಗಾಲಯ ಸಹಾಯಕಿಯಾಗಿ ದುಡಿದರು. ಮುಂದೆ ಟೋಕಿಯೊದಲ್ಲಿ ಅವರಿದ್ದ ಪ್ರಯೋಗಾಲಯ 1923ರ ಮಹಾಭೂಕಂಪದಲ್ಲಿ ನಾಶವಾಯಿತು. ಎದೆಗುಂದದೆ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿ, 1924ರಲ್ಲಿ ಸಹೋದ್ಯೋಗಿ ಸೈತಾರೊ ಮಿಯುರಾ ಅವರೊಡನೆ ಹಸಿರು ಚಹಾದಲ್ಲಿ ಸಿ ಜೀವಸತ್ವವನ್ನು ಕಂಡರು. 1929ರಲ್ಲಿ ಚಹಾದ ಒಗರಿಗೆ ಕಾರಣವಾದ ಕ್ಯಾಟೆಚಿನ್ನನ್ನು ಬೇರ್ಪಡಿಸಿದರು. 1932ರಲ್ಲಿ ಕೃಷಿವಿಜ್ಞಾನದ ಡಾಕ್ಟರೇಟ್ ಪಡೆದ ಜಪಾನಿನ ಪ್ರಥಮ ಮಹಿಳೆಯಾದರು.

ಈ ಕ್ಯಾಟೆಚಿನ್ನೇ ಇಂದು ಪ್ರಸಿದ್ಧವಾದ ಉತ್ಕರ್ಷಣ ನಿರೋಧಕ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು 70 ಮತ್ತು ಅದಕ್ಕೂ ಮೇಲಿನ ವಯಸ್ಸಿನ 1,003 ಜಪಾನೀಯರನ್ನು ಪರೀಕ್ಷಿಸಿತು. ದಿನಕ್ಕೆ 2 ಬಟ್ಟಲು ಅಥವಾ ಹೆಚ್ಚು ಹಸಿರು ಚಹಾ ಕುಡಿಯುವವರಲ್ಲಿ ಬುದ್ಧಿಶಕ್ತಿಯ ಕುಂದು ಕಡಮೆಯಿತ್ತು. ಆದರೆ ಅದಕ್ಕೆ ಚಹಾವೇ ಕಾರಣವೆಂದು ಇದರಿಂದ ಸಿದ್ಧವಾಗದು. ಗಟ್ಟಿಮುಟ್ಟಾಗಿದ್ದವರೇ ಹೆಚ್ಚು ಕುಡಿಯುತ್ತಿದ್ದಿರಬಹುದು. ಮರೆವು ಹೆಚ್ಚಿದರೆ ವೈದ್ಯರನ್ನೇ ಕಾಣಬೇಕು.

ಪೊಟ್ಟಣದ ಚಹಾವನ್ನು ಕುಡಿಯುತ್ತಿದ್ದೇನೆ, ಮದ್ದೆಂದಲ್ಲ. ಏಳನೆಯ ತರಗತಿಗೇ ಓದು ಬಿಡಬೇಕಾಗಿ ಬಂದ ನನ್ನ ಜಾಣ ವಿದ್ಯಾರ್ಥಿನಿಯರ ಹೆಸರುಗಳು ಮಾತ್ರ ಇಂದಿಗೂ ಮರೆತಿಲ್ಲ. ಹೆಣ್ಣುಮಕ್ಕಳಿರುವ ನನ್ನ ಶಿಷ್ಯರು ಮನೆಯಲ್ಲಿ ತ್ಸುಜಿಮುರಾ ಅವರ ಕಥೆಯನ್ನು ಹೇಳಿದರೆ ಸಂತೋಷ.