ಗೌರಿಬಿದನೂರಿನ ಗುಣಾಕಾರ: ರೇಡಿಯೋ ಆಕಾಶದಿಂದ ಗ್ರಾಫಿಕ್ಸ್ ಕಾರ್ಡ್‌ವರೆಗೆ

ಗ್ರಾಫಿಕ್ಸ್ ಪ್ರೊಸೆಸರ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದಿಂದ ಶುರುಮಾಡುತ್ತಾರೆ. ಕರ್ನಾಟಕದ ಮಾತು ಬಂದಾಗ ಬೆಂಗಳೂರಿನ ಕಂಪನಿಗಳ ಹೆಸರು ಹೇಳಿ ಮುಗಿಸುತ್ತಾರೆ. ಆದರೆ ವಿಜ್ಞಾನಕ್ಕೆ ಈ ಚಿಪ್ ಏಕೆ ಬೇಕಾಯಿತು ಎಂದು ಹುಡುಕುತ್ತ ಹೋದರೆ ದಾರಿ ಕಳವಾರ ದುರ್ಗದ ಬೆಟ್ಟವನ್ನು ದಾಟಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಯಲಿಗೆ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್ ಮುಂದೆ ಬಿಡಿಸಿದ ಲೆಕ್ಕದ ಒಂದು ಹಳೆಯ ರೂಪ ಇಲ್ಲಿತ್ತು ಎಂಬುದು ನನ್ನ ವಾದ.

1970ರ ದಶಕದಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಗೌರಿಬಿದನೂರಿನಲ್ಲಿ ಡೆಕಾಮೀಟರ್ ತರಂಗಗಳ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಸಿಎಚ್.ವಿ. ಶಾಸ್ತ್ರಿ ಈ ಕೆಲಸದ ಮುಂದಾಳುಗಳಲ್ಲಿ ಒಬ್ಬರು. ಇದು ಬಟ್ಟಲಿನ ಆಕಾರದ ಆಂಟೆನಾ ಅಲ್ಲ; 1000 ಡೈಪೋಲ್‌ಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ನೆಲದ ಮೇಲೆ ಹರಡಿದ ವ್ಯೂಹ. ಪೂರ್ವ-ಪಶ್ಚಿಮದ ಬಾಹು ಸುಮಾರು 1.4 ಕಿ.ಮೀ. ಉದ್ದ. ಅದು ಆಲಿಸುತ್ತಿದ್ದ ಆವರ್ತನ 34.5 ಮೆಗಾಹರ್ಟ್ಸ್, ಅಂದರೆ 9 ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಅಲೆ.

ಇಂಥ ವ್ಯೂಹ ತಾನಾಗಿ ಚಿತ್ರ ಕೊಡುವುದಿಲ್ಲ. ಒಂದು ಕಡೆಯ ಸಂಕೇತವನ್ನು ಇನ್ನೊಂದು ಕಡೆಯ ಸಂಕೇತದಿಂದ ಗುಣಿಸಬೇಕು, ಬಂದ ಗುಣಲಬ್ಧಗಳನ್ನು ಕೂಡುತ್ತ ಹೋಗಬೇಕು. ಎರಡಕ್ಕೂ ಸಮಾನವಾದ ಆಕಾಶದ ಸಂಕೇತ ಉಳಿಯುತ್ತದೆ, ಹೊಂದಿಕೆಯಿಲ್ಲದ ಗದ್ದಲ ಸರಾಸರಿಯಲ್ಲಿ ಕರಗುತ್ತದೆ. ಈ ಕೆಲಸ ಮಾಡುವ ಯಂತ್ರವೇ ಕೋರಿಲೇಟರ್. ಗೌರಿಬಿದನೂರಿಗಾಗಿ ಎನ್. ಉದಯ ಶಂಕರ್ ಮತ್ತು ಟಿ.ಎಸ್. ರವಿಶಂಕರ್ 128 ಚಾನೆಲ್‌ಗಳ ಡಿಜಿಟಲ್ ಕೋರಿಲೇಟರ್ ಕಟ್ಟಿದರು. ಆ ಕಾಲದ ಕೋರಿಲೇಟರ್‌ಗಳಲ್ಲಿ ಸಂಕೇತವನ್ನು ಒಂದೆರಡು ಬಿಟ್‌ಗಳಿಗೆ ಇಳಿಸಿಯೇ ಗುಣಿಸುತ್ತಿದ್ದರು. ನಿಖರತೆ ಕೊಂಚ ಹೋಗುತ್ತಿತ್ತು, ಆದರೆ ಬೋರ್ಡಿನ ಮೇಲಿನ ಗುಣಕ ಸರಳವಾಗುತ್ತಿತ್ತು. ಕೆ.ಎಸ್. ದ್ವಾರಕಾನಾಥ್ ಮತ್ತು ಉದಯ ಶಂಕರ್ 1990ರಲ್ಲಿ ಪ್ರಕಟಿಸಿದ 34.5 ಮೆಗಾಹರ್ಟ್ಸ್ ಆಕಾಶನಕ್ಷೆ ಈ ಶ್ರಮದ ಫಲ. ಅಷ್ಟು ಕಡಿಮೆ ಆವರ್ತನದಲ್ಲಿ ಅಷ್ಟು ವಿಶಾಲವಾದ ಆಕಾಶದ ನಕ್ಷೆಗಳು ಆಗ ಬಹಳ ಕಡಿಮೆ ಇದ್ದವು.

ಅದೇ ದಶಕದ ಕೊನೆಗೆ, 1999ರಲ್ಲಿ, ಎನ್ವಿಡಿಯಾ ಕಂಪನಿ ಜಿಫೋರ್ಸ್ 256 ಅನ್ನು ‘ಜಿಪಿಯು’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗುರಿ ಮನೆಯ ಕಂಪ್ಯೂಟರ್ ಆಟ. 1920 × 1080ರ ಒಂದು ಫ್ರೇಮಿನಲ್ಲಿ 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ಗೂ ಒಂದೇ ಬಗೆಯ ಗುಣಾಕಾರ, ಕೂಡುವಿಕೆ; ಒಂದರ ಉತ್ತರಕ್ಕೆ ಇನ್ನೊಂದು ಕಾಯಬೇಕಿಲ್ಲ. ಶಿಡ್ಲಘಟ್ಟದ ಸ್ಟುಡಿಯೋದಲ್ಲಿ ಮದುವೆ ವಿಡಿಯೋದ ಬಣ್ಣ ತಿದ್ದುವಾಗ ನಡೆಯುವುದೂ ಇದೇ ಲೆಕ್ಕ. 2010ರಲ್ಲಿ ಅಡೋಬಿ ಪ್ರೀಮಿಯರ್ ಪ್ರೊ ಸಿಎಸ್5 ಈ ಭಾರವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸಿದ ಮೇಲೆ ಎಡಿಟಿಂಗ್ ಮೇಜಿನ ಮುಂದೆ ಕಾಯುವ ಹೊತ್ತು ಕಡಿಮೆಯಾಯಿತು.

ವಿಜ್ಞಾನಿಗಳಿಗೆ ಬಾಗಿಲು ತೆರೆದದ್ದು ಎನ್ವಿಡಿಯಾದ ಪ್ರೋಗ್ರಾಮಿಂಗ್ ವ್ಯವಸ್ಥೆಯಾದ ಕುಡಾ. ಅದಕ್ಕೆ ಮೊದಲು ಲೆಕ್ಕಕ್ಕೆ ಚಿತ್ರದ ವೇಷ ಹಾಕಿಸಿ ಕಾರ್ಡಿಗೆ ಉಣಿಸಬೇಕಿತ್ತು. 2007ರಲ್ಲಿ ಬಿಡುಗಡೆಯಾದ ಕುಡಾ, ಸಿ ಭಾಷೆಯ ಮಾದರಿಯಲ್ಲೇ ಪ್ರೋಗ್ರಾಂ ಬರೆಯಲು ಅವಕಾಶ ಕೊಟ್ಟಿತು. ಆಟವಾಡುವ ಲಕ್ಷಾಂತರ ಮನೆಗಳು ಕೊಟ್ಟ ದುಡ್ಡಿನಿಂದಲೇ ಈ ಚಿಪ್ ಸಂಶೋಧಕರ ಕೈಗೆಟಕುವ ಬೆಲೆಗೆ ಬಂತು. ವಿಜ್ಞಾನದ ಅನುದಾನವೊಂದರಿಂದಲೇ ಇದು ಆಗುತ್ತಿರಲಿಲ್ಲ.

ಕೋರಿಲೇಟರ್ ಮತ್ತು ಗ್ರಾಫಿಕ್ಸ್ ಕಾರ್ಡ್, ಈ ಎರಡು ಎಳೆಗಳೂ ಕೂಡಿದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. 2013ರಲ್ಲಿ ಕೆಲಸ ಆರಂಭಿಸಿದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ರೇಡಿಯೋ ದೂರದರ್ಶಕದ ಡಿಜಿಟಲ್ ರಿಸೀವರ್‌ಗಳು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೊಡುಗೆ. ಆ ಯೋಜನೆಯಲ್ಲಿ ಉದಯ ಶಂಕರ್ ಅವರೂ ಇದ್ದರು. ಅಲ್ಲಿ 128 ಆಂಟೆನಾ ಗುಂಪುಗಳು, ಅಂದರೆ 8128 ಜೋಡಿಗಳು. ಪ್ರತಿ ಜೋಡಿಗೂ, ಪ್ರತಿ ಆವರ್ತನಕ್ಕೂ ಗುಣಾಕಾರ ನಡೆಯಬೇಕು. ಹಿಂದೆ ಇದಕ್ಕೆಂದೇ ಬೋರ್ಡು ಮಾಡಿಸಬೇಕಾಗಿತ್ತು. ಇಲ್ಲಿ ಗುಣಿಸಿ ಕೂಡುವ ಹಂತವನ್ನು ಎನ್ವಿಡಿಯಾ ಟೆಸ್ಲಾ ಕಾರ್ಡುಗಳಿಗೆ ಒಪ್ಪಿಸಿದರು. ಪುಣೆ ಬಳಿಯ ಖೋಡದದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಕೂಡ ತನ್ನ 30 ಆಂಟೆನಾಗಳ ಸಂಕೇತ ಸಂಸ್ಕರಿಸುವ ಹೊಸ ಬ್ಯಾಕೆಂಡ್‌ಗೆ ಜಿಪಿಯುಗಳನ್ನೇ ಆರಿಸಿಕೊಂಡಿತು.

ಇತ್ತ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಭಿಷೇಕ್ ಉಡುಪ, ಆರ್. ಗೋವಿಂದರಾಜನ್, ಮ್ಯಾಥ್ಯೂ ತಾಳುತವೀಟಿಲ್ 2009ರಲ್ಲೇ ಜಿಪಿಯುಗಾಗಿ ಪ್ರೋಗ್ರಾಂ ಹೊಂದಿಸುವ ಕಂಪೈಲರ್ ಸಂಶೋಧನೆಯನ್ನು ಪ್ರಕಟಿಸಿದ್ದರು. ಅಲ್ಲಿನ ಸೂಪರ್‌ಕಂಪ್ಯೂಟರ್‌ಗಳಾದ 2015ರ ‘ಸಹಸ್ರಟಿ’, 2022ರ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’, ಎರಡರಲ್ಲೂ ಜಿಪಿಯು ನೋಡ್‌ಗಳನ್ನು ಅಳವಡಿಸಿದರು. ಆದರೂ ನನ್ನ ಮಟ್ಟಿಗೆ ಸೂಪರ್‌ಕಂಪ್ಯೂಟರ್‌ಗಳ ಅಂಕಿಗಳಿಗಿಂತ ಗೌರಿಬಿದನೂರಿನ ಕೋರಿಲೇಟರ್ ದೊಡ್ಡ ಸಾಧನೆ. ಸಿದ್ಧ ಚಿಪ್ ಇಲ್ಲದ ಕಾಲದಲ್ಲಿ ಅಲ್ಲಿ ಸಮಾಂತರ ಗಣನೆಯನ್ನು ಕೈಯಾರೆ ಕಟ್ಟಿದರು.

ಮರ್ಚಿಸನ್‌ನಲ್ಲಿ ಬಳಸಿದ ‘ಎಕ್ಸ್‌ಜಿಪಿಯು’ ತಂತ್ರಾಂಶ ಮುಕ್ತವಾಗಿ ಸಿಗುತ್ತದೆ. ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜುಗಳು ಅದನ್ನು ಪ್ರಯೋಗಾಲಯದ ಪಾಠವಾಗಿಸಲಿ, ಅದರ ಜೊತೆಗೆ ಕೋರಿಲೇಟರ್ ಮತ್ತು ಆಕಾಶನಕ್ಷೆಯ ಬಗೆಗಿನ 1990ರ ಎರಡು ಪ್ರಬಂಧಗಳನ್ನೂ ವಿದ್ಯಾರ್ಥಿಗಳ ಕೈಗಿಡಲಿ. ಗೌರಿಬಿದನೂರಿನಲ್ಲಿ ಆ ಕೆಲಸ ಮಾಡಿದವರ ಅನುಭವವನ್ನು ಕನ್ನಡದಲ್ಲಿ ದಾಖಲಿಸುವ ಕೆಲಸವನ್ನು ಈ ಜಿಲ್ಲೆಯವರೇ ಕೈಗೆತ್ತಿಕೊಳ್ಳಬೇಕು.