ಸಮುಚ್ಚಯ, ಸಮುಚ್ಚಯಲೋಪ

ಪದಗಳನ್ನೋ ವಾಕ್ಯಗಳನ್ನೋ ಕೂಡಿಸುವ ಕೊಂಡಿಗಳನ್ನು ಬೇಕೆಂದೇ ಮತ್ತೆ ಮತ್ತೆ ಬಳಸುವುದು, ಇಲ್ಲವೆ ಬೇಕೆಂದೇ ಬಿಡುವುದು, ಮಾತಿನ ಒಂದು ಅಲಂಕಾರ. ಪಾಶ್ಚಾತ್ಯ ವಾಗ್ಮಿತಾಶಾಸ್ತ್ರ ಮೊದಲನೆಯದನ್ನು ಪಾಲಿಸಿಂಡಿಟನ್, ಎರಡನೆಯದನ್ನು ಅಸಿಂಡಿಟನ್ ಎನ್ನುತ್ತದೆ. ಕನ್ನಡದಲ್ಲಿ ಇದನ್ನು ಹುಡುಕುವವರು ‘ಮತ್ತು’ ಎಲ್ಲಿದೆ, ಎಲ್ಲಿಲ್ಲ ಎಂದಷ್ಟೇ ನೋಡಿದರೆ ಸಾಲದು. ಹಳಗನ್ನಡದ ‘ಉಂ’, ಹೊಸಗನ್ನಡದ ‘ಊ’, ಕ್ರಿಯೆಗಳನ್ನು ಪೋಣಿಸುವ ‘ಬಂದು’, ‘ನೋಡಿ’ಯಂಥ ಕೃದಂತಗಳು, ಇವೇ ನಮ್ಮ ಮುಖ್ಯ ಕೊಂಡಿಗಳು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಆಡುಮಾತಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಮಳಿ ಬಂದು ಹಳ್ಳ ತುಂಬಿ ದಾರಿ ಬಂದ್ ಆತು’ ಎಂದರೆ ನಡೆದದ್ದರ ವರದಿ. ‘ಮಳಿ ಬಂತು, ಹಳ್ಳ ತುಂಬ್ತು, ದಾರಿ ಬಂದ್ ಆತು’ ಎಂದಾಗ ಒಂದೊಂದೂ ಬೇರೆ ಬೇರೆ ಪೆಟ್ಟಾಗಿ ಬೀಳುತ್ತದೆ. ‘ತೊಗರಿನೂ ಹೋತು, ಹತ್ತಿನೂ ಹೋತು, ಸಜ್ಜಿನೂ ಹೋತು’ ಎಂಬ ಮಾತಿನಲ್ಲಿ ‘ಊ’ಕಾರ ಲೆಕ್ಕವನ್ನು ಮುಗಿಸಿಬಿಡುತ್ತದೆ: ಇನ್ನೇನೂ ಉಳಿದಿಲ್ಲ. ಅದನ್ನು ತೆಗೆದರೆ ಪಟ್ಟಿ ತೆರೆದೇ ಇರುತ್ತದೆ, ಇನ್ನೂ ಏನೇನು ಹೋಯಿತೋ ಎಂಬ ಅಳುಕು ಕೇಳುವವನಲ್ಲಿ ಉಳಿಯುತ್ತದೆ.

ಹಳೆಯ ಸುರಪುರ ತಾಲ್ಲೂಕಿನ ಮುದನೂರು, ರಾಮನಾಥ ಅಂಕಿತದ ವಚನಕಾರ ಜೇಡರ ದಾಸಿಮಯ್ಯನ ಊರು. ನೆಲ, ಬೆಳೆ, ಗಾಳಿ ಮೂರೂ ದೇವರು ಕೊಟ್ಟದ್ದು ಎನ್ನುವ ಆತನ ಪ್ರಸಿದ್ಧ ವಚನದಲ್ಲಿ ಮೂರು ಮಾತುಗಳೂ ಒಂದೇ ಬಗೆಯಾಗಿ ಮುಗಿಯುತ್ತವೆ. ಅವುಗಳ ನಡುವೆ ಯಾವ ಕೊಂಡಿಯೂ ಇಲ್ಲ. ಆ ಕೊಡುಗೆಯನ್ನು ಉಂಡು ಬೇರೆಯವರನ್ನು ಹೊಗಳುವವರ ಮೇಲೆ ಆತ ಹರಿಹಾಯುವಾಗ ಕೃದಂತ ಬಂದು ಉಣ್ಣುವುದಕ್ಕೂ ಹೊಗಳುವುದಕ್ಕೂ ಬಿಗಿಯಾದ ಗಂಟು ಹಾಕುತ್ತದೆ. ಕೊಡುಗೆ ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಕೃತಘ್ನತೆಯಾದರೋ ಎರಡು ಕೆಲಸಗಳು ಕೂಡಿದಾಗಲೇ ಹುಟ್ಟುವ ತಪ್ಪು. ವಾಕ್ಯದ ಕಟ್ಟು ಆ ವಿವೇಕವನ್ನೇ ಹಿಡಿದಿದೆ. ಗಾಳಿಯ ಮಾತಿನ ಒಳಗೂ ಒಂದು ಕೃದಂತವಿದೆ ನಿಜ, ಆದರೆ ಅದು ಗಾಳಿಯ ಒಂದೇ ಚಲನೆಯ ಬಗೆಯನ್ನು ಹೇಳುತ್ತದೆ.

ಲೋಪ ಛಂದಸ್ಸಿನ ಒತ್ತಾಯದಿಂದ ಬಂದದ್ದು ಎಂಬ ಆಕ್ಷೇಪ ಇಲ್ಲಿ ನಿಲ್ಲದು. ವಚನ ಗಣ ಮಾತ್ರೆಗಳಿಗೆ ಕಟ್ಟುಬಿದ್ದ ರಚನೆಯಲ್ಲ. ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ: ‘ಗಂಡಹೆಂಡತಿ’, ‘ಹೊಲಮನಿ’ ಎಂದು ಕೊಂಡಿಯಿಲ್ಲದೆ ಆಡುವುದು ಕನ್ನಡದ ಸಹಜ ರೂಢಿಯಾಗಿರುವಾಗ ಲೋಪವನ್ನು ಅಲಂಕಾರ ಎನ್ನುವುದು ಹೇಗೆ? ಜೋಡಿಪದಗಳ ಮಟ್ಟಿಗೆ ಇದನ್ನು ಒಪ್ಪಬೇಕು, ಅಲ್ಲಿ ಆಯ್ಕೆಯೇ ಇಲ್ಲ. ಕ್ರಿಯೆಗಳ ವಿಷಯ ಹಾಗಲ್ಲ. ಅಲ್ಲಿ ಕೃದಂತದಿಂದ ಪೋಣಿಸುವುದೇ ದಿನದ ರೂಢಿ. ಹೆಜ್ಜೆಹೆಜ್ಜೆಗೂ ಕ್ರಿಯಾಪದವನ್ನು ಮುಗಿಸುತ್ತ ಹೋಗುವವನು ಆ ರೂಢಿಯನ್ನು ಬಿಟ್ಟು ಬಂದವನು. ಕೊಂಡಿಯಿಲ್ಲದ ಮಾತು ಬರಹಕ್ಕಿಂತ ಆಡುವುದಕ್ಕೆ ಒಗ್ಗುತ್ತದೆ ಎಂದು ಅರಿಸ್ಟಾಟಲ್ ತನ್ನ ವಾಗ್ಮಿತಾಗ್ರಂಥದ 3ನೆಯ ಭಾಗದಲ್ಲಿ ಗುರುತಿಸಿದ್ದಾನೆ. ಆಡುವವನ ದನಿ ಪ್ರತಿ ನಿಲುಗಡೆಯಲ್ಲೂ ಏರಿಳಿಯುತ್ತದೆ. ಅಚ್ಚಿನಲ್ಲಿ ಅಲ್ಪವಿರಾಮ ಆ ಕೆಲಸವನ್ನು ಅರ್ಧ ಮಾತ್ರ ಮಾಡಬಲ್ಲದು.